ರಾಜಬಿಯ ಹಳೆಯ ಪಾಸ್‌ಪೋರ್ಟ್: ಕಂತು ಏಳು

"ನಾ ಕದ್ದೇನಿ ಅಂತ ನಿಮಗ ಹೇಳಿದಾವ ಯಾವನ್ರಿ? ಹೆಸರು ಹೇಳ್ರಿ, ಜೋಳದ ಜೋಡಿ ಅವನ್ನೂ ಇಲ್ಲೇ ತೂರಿಬಿಡ್ತೀನಿ!"

ಮುರ್ತುಜಾಸಾಬ ಕೈಯಲ್ಲಿದ್ದ ಮೊರವನ್ನು ರಾಶಿಯ ಮೇಲೆ ಒಗೆದ. ಹೊಟ್ಟು ಎದ್ದು ಬಂದು ಹವಾಲ್ದಾರ ಈರಯ್ಯನ ಮೀಸೆಯ ಮೇಲೆ ಕುಳಿತಿತು.

ಈರಯ್ಯ ಒರೆಸಿಕೊಳ್ಳಲಿಲ್ಲ. ಆರು ಗಂಟೆಯ ಬಸ್ಸಿಗೆ ವಿಜಾಪುರ ಬಿಟ್ಟು, ಬಬಲೇಶ್ವರದಲ್ಲಿ ಇನ್ನೊಂದು ಬಸ್ಸಿಗೆ ಮುಕ್ಕಾಲು ಗಂಟೆ ಕಾದು, ಮಮದಾಪುರದಲ್ಲಿ ಇಳಿದು ಕೆರೆಯ ಏರಿಯ ಮೇಲೆ ನಡೆದು ಈ ಕಣಕ್ಕೆ ಬಂದಿದ್ದ. ಐವತ್ತಾರು ವರ್ಷದ ಮೊಣಕಾಲು ಏರಿ ಹತ್ತುವಾಗಲೇ ತನ್ನ ತಕರಾರು ಹೇಳಿ ಮುಗಿಸಿತ್ತು. ಈಗ ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಏನೂ ಉಳಿದಿರಲಿಲ್ಲ.

"ಯಾರೂ ಹೇಳಿಲ್ಲಪಾ," ಎಂದ. "ನಾನ ಅಂದ್ಕೊಂಡೆ."

"ನೀವ ಅಂದ್ಕೊಂಡ್ರಿ! ಅಂದ್ಕೊಳ್ಳಾಕ ನಿಮಗ ಸರಕಾರ ಪಗಾರ ಕೊಡತೈತಿ. ನಾವು ಕುಂತು ಅಂದ್ಕೊಂಡ್ರ ನಮಗ ಯಾರು ಕೊಡ್ತಾರ?"

ಮುರ್ತುಜಾಸಾಬನ ತಂಗಿ ರಾಜಬಿಯ ಹಳೆಯ ಪಾಸ್‌ಪೋರ್ಟ್ ವಿಜಾಪುರದ ಜೋರಾಪುರ ಪೇಟೆಯ ಮನೆಯ ಟ್ರಂಕಿನಿಂದ ಕಾಣೆಯಾಗಿ ಇವತ್ತಿಗೆ ಹನ್ನೆರಡು ದಿನ. ನಾಳೆ ಸೋಮವಾರ ಅದು ಸಾಹೇಬರ ಮೇಜಿನ ಮೇಲೆ ಇರದಿದ್ದರೆ ರಾಜಬಿ ಈ ದೇಶ ಬಿಡಬೇಕು.

ಪೊಲೀಸ್ ಕಚೇರಿಯಲ್ಲಿ ಪರದೇಶದವರ ಲೆಕ್ಕ ಇಡುವ ಮೇಜು ಈರಯ್ಯನದು. ಒಂದು ಮೇಜು, ಒಂದು ಕಪಾಟು, ಎರಡು ರಬ್ಬರ್ ಶಿಕ್ಕಾ. ಹದಿಮೂರು ವರ್ಷದಿಂದ ಅವನು ಅಲ್ಲೇ. ಇಡೀ ಜಿಲ್ಲೆಗೆ ಸೇರಿ ಪರದೇಶದವರು ಹನ್ನೊಂದು ಜನ. ಅವರಲ್ಲಿ ಒಂಬತ್ತು ಜನ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ.

ರಾಜಬಿ ಹುಟ್ಟಿದ್ದಂತೂ ಈ ಕಣದಿಂದ ಕೂಗಿದರೆ ಕೇಳಿಸುವಷ್ಟು ದೂರದ ಮನೆಯಲ್ಲಿ. ನಲವತ್ತೈದರಲ್ಲಿ ಕರಾಚಿಯ ಬಂದರಿನಲ್ಲಿ ಕೆಲಸಕ್ಕಿದ್ದವನಿಗೆ ಕೊಟ್ಟು ಮದುವೆ ಮಾಡಿದರು. ಎರಡು ವರ್ಷಕ್ಕೆ ನಡುವೆ ಗಡಿ ಬಿತ್ತು. ಅವಳು ಒಲೆಯ ಮುಂದಿನಿಂದ ಎದ್ದಿರಲಿಲ್ಲ, ಪರದೇಶದವಳಾದಳು. ಗಂಡ ತೀರಿದ ಮೇಲೆ ಅರವತ್ತೊಂದರಲ್ಲಿ ಮರಳಿ ಬಂದಳು. ಅಂದಿನಿಂದ ಪ್ರತಿ ಸೋಮವಾರ ಕಚೇರಿಗೆ ಹಾಜರಿ, ಪ್ರತಿ ವರ್ಷ ಇಲ್ಲಿರುವ ಮುದ್ದತು ಮುಂದೆ ಹಾಕಿಸುವ ಅರ್ಜಿ. ಎಪ್ಪತ್ತೊಂದರ ಯುದ್ಧ ಆಗಿ ದಿಲ್ಲಿಯಲ್ಲಿದ್ದ ಪಾಕಿಸ್ತಾನದ ಕಚೇರಿ ಬಾಗಿಲು ಹಾಕಿದಾಗ ಅವಳ ಪಾಸ್‌ಪೋರ್ಟನ್ನು ಯಾರ ಕೈಲಿ ಹೊಸದು ಮಾಡಿಸಬೇಕೆಂದು ಈರಯ್ಯ ಮೂರು ತಿಂಗಳು ಕಾಗದ ಬರೆದ. ಸ್ವಿಟ್ಜರ್ಲಂಡಿನವರ ಕಚೇರಿಗೆ ಕಳಿಸಿ ಎಂದು ಉತ್ತರ ಬಂತು. ಅದು ಎಲ್ಲಿಯ ಊರೆಂದು ಪೋಸ್ಟ್ ಮಾಸ್ತರರನ್ನು ಕೇಳಿಕೊಂಡು ಬಂದು ರಜಿಸ್ಟರ್ ಪೋಸ್ಟ್ ಮಾಡಿದ್ದ.

ಈಗ ಈ ಎಪ್ಪತ್ನಾಲ್ಕರಲ್ಲಿ ಸರಕಾರ ಕಡೆಗೂ ಒಪ್ಪಿತ್ತು. ರಾಜಬಿ ಇಲ್ಲಿಯವಳಾಗಬಹುದು. ಷರತ್ತು ಒಂದೇ: ಇದುವರೆಗೆ ಪಡೆದ ಎಲ್ಲ ಪಾಸ್‌ಪೋರ್ಟುಗಳನ್ನೂ ಒಪ್ಪಿಸಬೇಕು. ಹೊಸದು ಈರಯ್ಯನ ಕಪಾಟಿನಲ್ಲೇ ಇತ್ತು. ಹಳೆಯದು ಐವತ್ತೈದರದ್ದು. ಆಗ ಒಮ್ಮೆ ತಾಯಿಯನ್ನು ನೋಡಲು ಬಂದು ಮೂರು ತಿಂಗಳಿಗೆ ಮರಳಿ ಹೋಗಿದ್ದಳಂತೆ. ಈರಯ್ಯ ಅದನ್ನು ಕಣ್ಣಿಂದ ಕಂಡವನಲ್ಲ. ಆ ಕಾಲದ ರಜಿಸ್ಟರುಗಳು ಮುಂಬಯಿ ಸರಕಾರದವು. ರಾಜ್ಯ ಬದಲಾದಾಗ ಗಾಡಿ ಏರಿ ಹೋದವು, ಎಲ್ಲಿ ಇಳಿದವೋ ಯಾರಿಗೂ ಗೊತ್ತಿಲ್ಲ.

"ತಂಗಿ ಹೋದ್ರ ಅಕಿ ಪಾಲಿನ ಹೊಲ ನಿನಗ ಉಳೀತೈತಿ," ಎಂದ ಈರಯ್ಯ. "ಅದಕ್ಕ ನಿನ್ನ ಹೆಸರು ಬರಕೊಂಡಿದ್ದೆ."

ಮುರ್ತುಜಾಸಾಬ ನಕ್ಕ. ಸಿಟ್ಟಿನ ನಗೆಯಲ್ಲ, ದಣಿದ ನಗೆ.

"ಹವಾಲ್ದಾರ್ರ, ಕುಂಡ್ರರಿ ಇಲ್ಲಿ. ಕೇಳ್ರಿ. ನಮ್ಮಪ್ಪ ಸತ್ತು ಒಂಬತ್ತು ವರ್ಷ ಆತು. ಹೊಲದ ಉತಾರದಾಗ ಇನ್ನೂ ಅಪ್ಪನ ಹೆಸರ ಐತಿ. ಯಾಕ? ಮಕ್ಕಳು ಮೂರೂ ಮಂದಿ ಸಹಿ ಬೇಕು, ಪರದೇಶದಾಕಿ ಸಹಿ ನಡೆಯಾಂಗಿಲ್ಲ ಅಂತಾನ ತಲಾಟಿ. ಇಕಿ ರೈಲ್ ಹತ್ತಿ ಹ್ವಾದಳು ಅಂದ್ರ ಪಾಕಿಸ್ತಾನದವರ ಆಸ್ತಿ ಅಂತ ಸರಕಾರ ಬಂದು ನಟ್ಟ ನಡು ಹೊಲದಾಗ ಗೂಟ ಬಡೀತೈತಿ. ನಾ ಐದು ಹೊತ್ತು ದುವಾ ಮಾಡಾಕತ್ತೇನಿ, ಇಕಿ ಒಮ್ಮೆ ಹಿಂದೂಸ್ತಾನದಾಕಿ ಆಗ್ಲಿ ಅಂತ. ಆ ಪುಸ್ತಕ ನನಗ ಸಿಕ್ಕಿದ್ರ ತಲಿ ಮ್ಯಾಲ ಹೊತ್ಕೊಂಡು ನಿಮ್ಮ ಕಚೇರಿಗೆ ಬರ್ತಿದ್ದೆ, ಬಾಜಾ ಬಜಂತ್ರಿ ಹಚ್ಚಿ!"

ಸುಳ್ಳು ಹೇಳುವವರ ಮಾತು ಹಸನು ಮಾಡಿದ ಜೋಳದಂತೆ ಚೊಕ್ಕ ಇರುತ್ತದೆ. ಇದರಲ್ಲಿ ಹೊಟ್ಟು ಬೇಕಾದಷ್ಟಿತ್ತು. ಸ್ವಂತ ಲಾಭಕ್ಕೆ ತಂಗಿಯ ಒಳಿತು ಬಯಸುವವನು ಅದನ್ನು ಬಾಯಿಬಿಟ್ಟು ಹೇಳಿದರೆ ನಂಬಬೇಕಾಗುತ್ತದೆ.

ಈರಯ್ಯ ಜೇಬಿನ ಪುಸ್ತಕ ತೆಗೆದು ಮುರ್ತುಜಾಸಾಬನ ಹೆಸರಿನ ಮೇಲೆ ಗೀಟು ಎಳೆದ. ಅದರ ಕೆಳಗೆ ಇನ್ನಾವ ಹೆಸರೂ ಇರಲಿಲ್ಲ.

ಅಷ್ಟರಲ್ಲಿ ಮುರ್ತುಜಾಸಾಬನ ಹೆಂಡತಿ ಸುಗರಾಬಿ ತಲೆಯ ಮೇಲೆ ಬುತ್ತಿ, ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. ಹಿಂದೆ ಒಂದು ಕೆಂಪು ಕೋಳಿ ಮನೆಯಿಂದ ಕಣದವರೆಗೂ ಬೆನ್ನು ಹತ್ತಿತ್ತು.

"ಹುಶ್! ಬುತ್ತಿ ಕಂಡ್ರ ಸಾಕು, ದಾಯಾದಿ ಬಂದಂಗ ಬರತೈತಿ. ಅತ್ತಿ ರೂಢಿ ಮಾಡ್ಯಾಳ್ರಿ ಹವಾಲ್ದಾರ್ರ. ಕೌದಿಗೆ ಇಡು ಅಂತ ಬಿಸಿ ರೊಟ್ಟಿ ಮುರದು ಕೊಟ್ರ ಅದನ್ನೂ ಇದಕ್ಕ ಹಾಕ್ಯಾಳ. ವಯಸ್ಸಾತು, ಅರಳು ಮರಳು."

ಈರಯ್ಯ ಮಜ್ಜಿಗೆ ಕುಡಿದು ತಂಬಿಗೆ ಕೆಳಗಿಟ್ಟ. "ಯಾವ ಕೌದಿಗೆ?"

"ಅತ್ತಿ ಜೋರಾಪುರ ಪೇಟೆಗೆ ಮಗಳ ಹಂತ್ಯಾಕ ಹೋಗಿ ಎಂಟು ದಿನ ಇದ್ದು ಬಂದಳಲ್ರಿ, ಆವಾಗ ಒಂದು ಕೌದಿ ಹೊಲಕೊಂಡು ಬಂದಿದ್ದಳು. ಮೂರು ಮೂಲಿ ಮುಗದಿತ್ತು. ಕಡೀ ಮೂಲಿ ಇಲ್ಲಿ ಬಂದು ಮುಚ್ಚಿದಳು."

"ಯಾವತ್ತು ಬಂದಳು?"

"ಹೋದ ಮಂಗಳವಾರದ ಹಿಂದಿನ ಮಂಗಳವಾರ."

ಹನ್ನೆರಡು ದಿನ. ಈರಯ್ಯ ಬೆರಳು ಮಡಿಚಿ ಎಣಿಸುವ ಅಗತ್ಯ ಬೀಳಲಿಲ್ಲ.

"ಕೌದಿ ಎಲ್ಲೈತಿ?"

"ಯಾರಿಗೆ ಕೊಟ್ಟಾಳೋ ಅಲ್ಲಾಗ ಗೊತ್ತು. ನನಗಂತೂ ಹೊಚ್ಚಲಿಲ್ಲ!" ಸುಗರಾಬಿ ಬುತ್ತಿ ಬಿಚ್ಚುತ್ತಾ ಗಂಡನ ಕಡೆ ನೋಡಿ ಹೇಳಿದಳು. "ಈ ಮನಿಗೆ ಬಂದು ಇಪ್ಪತ್ತೆರಡು ವರ್ಷ ಆತು, ಒಂದು ಮೂಲಿ ಸೈತ ಕೊಟ್ಟಿಲ್ಲ."

ಈ ಕಡೆಯ ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿದಿರುತ್ತದೆ ಎಂಬ ಮಾತಿದೆ. ಈರಯ್ಯನ ತಾಯಿಯೂ ಹಾಗೆ ಇಟ್ಟವಳೇ. ಮರೆತು ಬಿಟ್ಟವರನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಎಪ್ಪತ್ತೈದು ವರ್ಷದಲ್ಲಿ ನೂರಾರು ಕೌದಿಗೆ ಉಣಿಸಿದ ಮುದುಕಿ ಬಿಸಿ ರೊಟ್ಟಿಯನ್ನು ಕೋಳಿಗೆ ಹಾಕಿದಳೆಂದರೆ ಆ ಮೂಲೆಯಲ್ಲಿ ರೊಟ್ಟಿಗೆ ಜಾಗ ಇರಲಿಲ್ಲ.

ಅವನು ಮೊಣಕಾಲು ಹಿಡಿದುಕೊಂಡು ಎದ್ದ.

*

ಮುರ್ತುಜಾಸಾಬನ ತಾಯಿ ರಹಿಮಾಬಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಎರಡು ಕಣ್ಣಿನ ಕೆಲಸ ಮಾಡುತ್ತಿತ್ತು.

"ಯಾರು? ಶಿಕ್ಕಾ ಹೊಡಿಯೋ ಅಯ್ಯನೇನು? ಬಾ ಯಪ್ಪಾ, ಕುಂಡ್ರು. ಬಿಸಲಾಗ ಯಾಕ ಬಂದಿ?"

ಈರಯ್ಯ ಟೊಪ್ಪಿಗೆ ತೆಗೆದು ಪಕ್ಕದಲ್ಲಿಟ್ಟುಕೊಂಡು ಕುಳಿತ. ಸುತ್ತಿ ಬಳಸಿ ಕೇಳುವ ಉಮೇದು ಅವನಿಗಿರಲಿಲ್ಲ.

"ಆಯಿ, ಕೌದಿಗೆ ಏನು ಉಣಿಸಿದಿ?"

"ಏನು ಉಣಸ್ತಾರ? ರೊಟ್ಟಿ."

"ರೊಟ್ಟಿ ಕೋಳಿ ತಿಂದೈತಿ."

ಮುದುಕಿಯ ದವಡೆ ನಿಂತಿತು. ಬಾಯಲ್ಲಿದ್ದ ಅಡಿಕೆಯ ಚೂರು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು.

"ಕೋಳಿ ಬಂದು ನಿನಗ ಚಾಡಿ ಹೇಳ್ತೇನು?"

"ಕೋಳಿ ಹೇಳಲಿಲ್ಲ. ಸೊಸಿ ಹೇಳಿದಳು."

"ಎರಡೂ ಒಂದ!"

ಈರಯ್ಯನಿಗೆ ನಗು ಬಂತು. ನಕ್ಕರೆ ಕೆಲಸ ಕೆಡುತ್ತದೆಂದು ಮೀಸೆಯಲ್ಲೇ ತಡೆದುಕೊಂಡ.

"ಆಯಿ, ನಾ ನಿನಗ ಬೇಡಿ ಹಾಕಾಕ ಬಂದಿಲ್ಲ. ಪುಸ್ತಕ ಬೇಕು. ನಾಳಿಗೆ ಬೇಕು."

"ಆ ಪುಸ್ತಕ ನನ್ನ ಮನಿ ಹಾಳ ಮಾಡೇತಿ," ಎಂದಳು ರಹಿಮಾಬಿ. ಸಣ್ಣ ದನಿ. "ಟ್ರಂಕಿನಿಂದ ಅದು ಹೊರಗ ಬಂತಂದ್ರ ನನ್ನ ಮಗಳು ಊರು ಬಿಟ್ಟಳಂತ. ಅದಕ್ಕ ನಾನ ತಗದೆ. ಅಕಿಗೂ ಹೇಳಿಲ್ಲ. ರೈಲ್ ಹತ್ತಬೇಕಂದ್ರ ಚೀಟಿ ಬೇಕು ಹೌದಲ್ಲೋ? ಚೀಟಿ ಇಲ್ದಾಕೀನ್ನ ಯಾರು ಹತ್ತಸ್ತಾರ? ಪುಸ್ತಕ ಇಲ್ಲಂದ್ರ ನೀವು ಕಳಸೋದರ ಹೆಂಗ?"

ಈರಯ್ಯ ಇನ್ನಷ್ಟು ಹತ್ತಿರ ಸರಿದು ಕುಳಿತ. ಹದಿಮೂರು ವರ್ಷದಲ್ಲಿ ಈ ತಪ್ಪು ತಿಳಿವಳಿಕೆಯನ್ನು ಎಷ್ಟು ಮಂದಿಗೆ ಬಿಡಿಸಿ ಹೇಳಿದ್ದನೋ. ಪಾಸ್‌ಪೋರ್ಟ್ ಸುಟ್ಟವರಿದ್ದರು, ಬಾವಿಗೆ ಹಾಕಿದವರಿದ್ದರು, ಗೋರಿಯ ಹತ್ತಿರ ಹುಗಿದವರಿದ್ದರು. ಪುಸ್ತಕ ಹೋದರೆ ಪರದೇಶವೂ ಹೋಗುತ್ತದೆ ಎಂದು ನಂಬಿದವರು.

"ಆಯಿ, ಇದು ನೀ ತಿಳದಂಗ ಇಲ್ಲ. ತಿರುವು ಮುರುವು ಐತಿ. ಪುಸ್ತಕ ಇದ್ದಾಕಿ ಪಾವಣಿ. ಇರು ಅಂದ್ರ ಇರಬಹುದು. ಪುಸ್ತಕ ಇಲ್ದಾಕಿ ಕಳ್ಳಿ. ಕಳ್ಳೀನ್ನ ಯಾರೂ ಇಟಗೊಳ್ಳಾಂಗಿಲ್ಲ. ಅಕೀನ್ನ ಕಳಸಾಕ ಪುಸ್ತಕ ಬೇಕಾಗಿಲ್ಲ, ಸಾಹೇಬ್ರು ಒಂದು ಕಾಗದ ಬರದ್ರ ಸಾಕು. ಇಬ್ಬರು ಪೊಲೀಸರ ನಡುವ ಕುಂಡ್ರಿಸಿ ಗಡಿ ತನಕ ಒಯ್ತಾರ. ನಾಳೆ ಆ ಪುಸ್ತಕ ಕೊಟ್ಟಿ ಅಂದ್ರ ನಿನ್ನ ಮಗಳು ಸಾಯೂತನ ನಿನ್ನ ಹಂತ್ಯಾಕ ಇರ್ತಾಳ. ಕೊಡಲಿಲ್ಲ ಅಂದ್ರ ಈ ಜನ್ಮದಾಗ ನೀ ಅಕೀನ್ನ ನೋಡಾಂಗಿಲ್ಲ. ತಿಳೀತೇನ್ ಬೇ?"

ಮುದುಕಿ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅದನ್ನ ಯಾರ್ಯಾರು ಓದ್ತಾರ?"

"ನಾ ಓದ್ತೀನಿ. ಸಾಹೇಬ್ರು ಓದ್ತಾರ. ಬೆಂಗಳೂರಾಗ ಓದ್ತಾರ, ದಿಲ್ಲ್ಯಾಗ ಓದ್ತಾರ."

"ಎಲ್ಲಾ ಹಾಳಿ?"

"ಎಲ್ಲಾ ಹಾಳಿ."

"ಒಂದು ಹಾಳಿ ಹರದಿದ್ರ?"

"ಹರದಿದ್ರ ಅದಕ್ಕೊಂದು ಬ್ಯಾರೆ ಖಟ್ಲೆ. ಹರದೀಯೇನು?"

"ಇಲ್ಲ." ರಹಿಮಾಬಿ ಉಸಿರು ಬಿಟ್ಟಳು. "ಹರಿಯಾಕ ಕೈ ಬರಲಿಲ್ಲ."

ಪಾಸ್‌ಪೋರ್ಟನ್ನು ರೈಲಿನ ಚೀಟಿ ಎಂದು ತಿಳಿದವಳು ಹಾಳೆಯ ಮಾತು ಯಾಕೆ ಎತ್ತಿದಳು? ಆ ಪ್ರಶ್ನೆ ಈರಯ್ಯನ ಕಿವಿಗೆ ಬಿತ್ತು, ಆದರೆ ತಲೆಗೆ ಹತ್ತಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಈರಯ್ಯನಾಗಿದ್ದರೆ ಅಲ್ಲೇ ಅದರ ಬಾಲ ಹಿಡಿಯುತ್ತಿದ್ದ. ಇವತ್ತಿನವನಿಗೆ ಮುಂದಿನ ಬಸ್ಸಿನ ಚಿಂತೆ ಇತ್ತು.

"ಅಬೇದಾಗ ಕೊಟ್ಟೇನಿ, ಅಕಿ ಕೋಣ್ಯಾಗ ಯಾರು ಹುಡುಕ್ತಾರ ಅಂತ," ಎಂದಳು ಮುದುಕಿ ಕಡೆಗೆ.

ಅಬೇದಾ ಯಾರೆಂದು ಈರಯ್ಯನಿಗೆ ಯಾರೂ ಹೇಳಬೇಕಿರಲಿಲ್ಲ. ರಹಿಮಾಬಿಯ ಕಿರಿಯ ಮಗ ಚಮನಸಾಬನ ಒಬ್ಬಳೇ ಮಗಳು. ಜೋರಾಪುರ ಪೇಟೆಯಲ್ಲಿ ರಾಜಬಿ ಇರುವುದು ಅವರ ಮನೆಯಲ್ಲೇ. ಚಿಕ್ಕವಳಿದ್ದಾಗ ಪ್ರತಿ ಸೋಮವಾರ 'ಫುಪ್ಪಿ, ಫುಪ್ಪಿ' ಎನ್ನುತ್ತಾ ಅತ್ತೆಯ ಸೆರಗು ಹಿಡಿದು ಕಚೇರಿಗೆ ಬಂದು ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂರುತ್ತಿದ್ದಳು. ಹೋದ ಜೂನ್‌ನಲ್ಲಿ ಸರಕಾರಿ ಕನ್ನಡ ಶಾಲೆಯ ಮಾಸ್ತರಿಕೆ ಸಿಕ್ಕು ಟಿಕೋಟಾದ ಆಚೆ ಕಳ್ಳಕವಟಗಿಯಲ್ಲಿ ಕೋಣೆ ಹಿಡಿದಿದ್ದಳು.

ಅವನು ಎದ್ದು ಟೊಪ್ಪಿಗೆ ಹಾಕಿಕೊಂಡ. ರಹಿಮಾಬಿ ಅವನ ಧೂಳು ಹಿಡಿದ ಬೂಟನ್ನು ಕೈಯಿಂದ ಮುಟ್ಟಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಏ ಆಯಿ, ಏನು ಮಾಡ್ತಿ!"

"ಒಂದು ಮಾತು ನಡಸಿಕೊಡು ಯಪ್ಪಾ. ಆ ಹುಡುಗಿ ಮುಂದ ಬಿಚ್ಚಬ್ಯಾಡ."

ಮೊಮ್ಮಗಳ ಮುಂದೆ ಕಳ್ಳಿಯಾಗುವ ನಾಚಿಕೆ ಎಂದುಕೊಂಡ ಈರಯ್ಯ. "ಆತು" ಎಂದ.

*

ವಿಜಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಎರಡರ ಬಸ್ಸಿಗೆ ಇನ್ನೂ ಸಮಯವಿತ್ತು. ಜೋರಾಪುರ ಪೇಟೆಗೆ ಹೋಗಿ ರಾಜಬಿಗೆ ಒಂದು ಮಾತು ಹೇಳಿಬಿಡೋಣ ಎನ್ನಿಸಿತು. ಹನ್ನೆರಡು ದಿನದಿಂದ ಆ ಹೆಂಗಸು ನಿದ್ದೆ ಮಾಡಿದ್ದು ಸುಳ್ಳು. ಒಳ್ಳೆಯ ಸುದ್ದಿ ಹೇಳುವ ಅವಕಾಶ ಅವನ ಮೇಜಿಗೆ ವರ್ಷಕ್ಕೊಮ್ಮೆಯೂ ಬರುತ್ತಿರಲಿಲ್ಲ.

ರಾಜಬಿ ಬಾಗಿಲ ಬೆಳಕಿಗೆ ಕುಳಿತು ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ನಲವತ್ತೇಳು ವರ್ಷ. ಕೂದಲು ಅರ್ಧ ಬೆಳ್ಳಗಾಗಿತ್ತು. ಅವನನ್ನು ಕಂಡು ಸೆರಗು ಮುಂದೆ ಎಳೆದುಕೊಂಡು ಎದ್ದು ನಿಂತಳು.

"ಕುಂಡ್ರವಾ, ಕುಂಡ್ರು. ಇವತ್ತೇನು ಸೋಮವಾರ ಅಲ್ಲ," ಎಂದ ಈರಯ್ಯ. "ಸಿಕ್ಕಂಗಾತು ತಂಗಿ. ನಿಮ್ಮವ್ವನ ತಗದಾಳ. ಕೌದ್ಯಾಗ ಹಾಕಿ ಹೊಲದಾಳ. ಕೌದಿ ಅಬೇದಾನ ಹಂತ್ಯಾಕ ಐತಿ. ಈಗ ಹೋಗಿ ತರ್ತೀನಿ. ನಾಳೆ ಮುಂಜ್ಯಾನೆ ಬಂದು ಸಹಿ ಮಾಡು, ಮುಗೀತು. ಮುಂದಿನ ಸೋಮವಾರದಿಂದ ಈ ಮುದುಕನ ಮಾರಿ ನೋಡೋದು ತಪ್ಪತೈತಿ."

ಅವಳು ಅಳುತ್ತಾಳೆ ಅಥವಾ ಕೈಮುಗಿಯುತ್ತಾಳೆ ಎಂದುಕೊಂಡಿದ್ದ. ರಾಜಬಿ ಎರಡೂ ಮಾಡಲಿಲ್ಲ. ಸೂಜಿಯನ್ನು ರವಿಕೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಅಬೇದಾ ನೋಡ್ಯಾಳೇನ್ರಿ ಅದನ್ನ?"

"ಎಲ್ಲಿ ನೋಡ್ಯಾಳ? ಹೊಲಗೀ ಒಳಗ ಐತಿ."

"ಯಾವ ಬಸ್ಸಿಗೆ ಹೊಂಟೀರಿ?"

"ಎರಡರದಕ್ಕ. ಟಿಕೋಟಾದಾಗ ಅದು ಎಷ್ಟೊತ್ತು ನಿಂದರತೈತೋ ದೇವರಿಗೇ ಗೊತ್ತು."

"ನೀರು ಕುಡದು ಹೋಗ್ರಿ," ಎಂದಳು ರಾಜಬಿ. ನೀರು ತರಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಸ್ಸು ತಪ್ಪುತ್ತದೆಂದು ಈರಯ್ಯ ನೀರು ಕುಡಿಯದೆ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ಅವನಿಗೆ ಒಂದು ಸಂಗತಿ ಹೊಳೆಯಿತು. ಈ ಹನ್ನೆರಡು ದಿನದಲ್ಲಿ ಅವನು ಕೇಳಿದ್ದಕ್ಕೆಲ್ಲ ರಾಜಬಿ ಉತ್ತರ ಕೊಟ್ಟಿದ್ದಳು. ಹುಡುಕಿಕೊಡಿ ಎಂದು ಮಾತ್ರ ಒಮ್ಮೆಯೂ ಅಂದಿರಲಿಲ್ಲ.

*

ಟಿಕೋಟಾದಲ್ಲಿ ಬಸ್ಸು ಒಂದು ಗಂಟೆ ನಿಂತಿತು. ಕಂಡಕ್ಟರ್ ಚಹಾ ಕುಡಿದ, ಡ್ರೈವರ್ ಊಟ ಮಾಡಿದ, ಆಮೇಲೆ ಇಬ್ಬರೂ ಸೇರಿ ಟಾಯರ್ ನೋಡಿದರು. ಲಾರಿಗಳು ಧೂಳೆಬ್ಬಿಸಿಕೊಂಡು ಅವರನ್ನು ದಾಟಿ ಹೋದವು. ಕಳ್ಳಕವಟಗಿಯಲ್ಲಿ ಇಳಿದಾಗ ನಾಲ್ಕೂವರೆ.

ಅಬೇದಾ ಅಕ್ಕನಾಗಮ್ಮನೆಂಬ ಮುತ್ತೈದೆಯ ಮನೆಯ ಹೊರಕೋಣೆಯಲ್ಲಿದ್ದಳು. ನೆಲದ ತುಂಬ ಮಕ್ಕಳ ಪಾಟಿ, ಪುಸ್ತಕ. ಅವನನ್ನು ಕಂಡು ಬಾಯಿ ತುಂಬ ನಕ್ಕಳು.

"ಕಾಕಾ! ಇದೇನು, ಭಾನುವಾರ ಹಾಜರಿ ತಗೊಳ್ಳಾಕ ನನ್ನ ಸಾಲಿಗೇ ಬಂದೀರಿ? ನಮ್ಮ ಫುಪ್ಪಿ ಆರಾಮ ಅದಾಳಲ್ರಿ?"

"ಆರಾಮ ಅದಾಳ. ನಿಮ್ಮಾಯಿ ಒಂದು ಕೌದಿ ಕೊಟ್ಟಾಳಂತ. ಅದನ್ನ ನಾಕು ದಿನ ಒಯ್ಯಬೇಕಾಗೇತಿ ತಂಗಿ."

"ಕೌದಿ? ಪೊಲೀಸ್ ಕಚೇರಿಗೆ ಕೌದಿ ಯಾಕ್ರಿ? ಸಾಹೇಬ್ರಿಗೆ ಚಳಿ ಏನು, ಮಾರ್ಚ್ ತಿಂಗಳದಾಗ?"

ಈರಯ್ಯ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಸುಳ್ಳು ಹೇಳುವವರನ್ನು ಹಿಡಿಯುವುದು ಅವನಿಗೆ ಗೊತ್ತಿತ್ತು, ಹೇಳುವುದು ಗೊತ್ತಿರಲಿಲ್ಲ. ಅಬೇದಾ ಅವನ ಮುಖ ನೋಡಿದಳು. ಒಂದನೇ ಇಯತ್ತೆಯ ಹುಡುಗರ ಮುಖ ದಿನವೂ ನೋಡುವವಳು.

"ಅದರಾಗ ಏನೋ ಐತಿ," ಎಂದಳು. "ಹೌದಲ್ರಿ? ಕೊಟ್ಟ ದಿನದಿಂದ ಒಂದು ಮೂಲಿ ಚುಚ್ಚಾಕತ್ತೇತಿ. ರೊಟ್ಟಿ ಬದ್ಲಿ ಕಲ್ಲು ತಿನಿಸ್ಯಾಳೇನೋ ಮುದುಕಿ ಅಂದಿದ್ದೆ. ತಡೀರಿ."

ಅವನು ಬೇಡ ಎನ್ನುವುದರೊಳಗೆ ಅವಳು ಕೌದಿ ಎಳೆದು, ಪೆನ್ಸಿಲ್ ಕೆತ್ತುವ ಬ್ಲೇಡಿನಿಂದ ಮೂಲೆಯ ಹೊಲಿಗೆ ಸೀಳಿದ್ದಳು. ಎಣ್ಣೆಗಾಗದದ ಪುಡಿಕೆ ನೆಲಕ್ಕೆ ಬಿತ್ತು.

"ಇಲ್ಲಿ ಕೊಡು," ಎಂದ ಈರಯ್ಯ. ಆ ದನಿಗೆ ಅವಳು ಕೊಟ್ಟಳು.

ಅವನು ಬಾಗಿಲ ಕಡೆ ತಿರುಗಿ ನಿಂತು, ಕನ್ನಡಕ ಹಾಕಿಕೊಂಡು ಪುಡಿಕೆ ಬಿಚ್ಚಿದ. ಪಾಕಿಸ್ತಾನದ ಪಾಸ್‌ಪೋರ್ಟ್. ರಾಜಬಿಯ ಹೆಸರು, ತಂದೆಯ ಹೆಸರು, ಹುಟ್ಟಿದ್ದು ಮಮದಾಪುರ. ಎಲ್ಲ ಸರಿ.

ಭಾವಚಿತ್ರದಲ್ಲಿ ಇಪ್ಪತ್ತೆಂಟು ವರ್ಷದ ರಾಜಬಿ. ತೊಡೆಯ ಮೇಲೆ ಒಂದು ಹೆಣ್ಣುಕೂಸು.

ರಾಜಬಿಗೆ ಮಕ್ಕಳಿಲ್ಲ. ಹದಿಮೂರು ವರ್ಷ ಪ್ರತಿ ಅರ್ಜಿಯಲ್ಲಿ ಮಕ್ಕಳ ಕಾಲಮ್ಮಿನ ಎದುರು 'ಇಲ್ಲ' ಎಂದು ತನ್ನ ಕೈಯಿಂದಲೇ ಬರೆದಿದ್ದ ಈರಯ್ಯ.

ಹಾಳೆ ತಿರುವಿದ. ಜೊತೆಗಿರುವ ಮಕ್ಕಳು: ಒಂದು. ಹೆಸರು, ವಯಸ್ಸು ಎರಡು, ಹುಟ್ಟಿದ್ದು ಕರಾಚಿ. ಆ ಹೆಸರನ್ನು ಅವನು ಎರಡು ಸಲ ಓದಿದ. ಮತ್ತೆ ತಿರುವಿದ. ಗಡಿಯ ಎರಡು ಶಿಕ್ಕಾ. ಒಳಗೆ ಬಂದ ದಿನ: ತಾಯಿ ಮತ್ತು ಮಗು. ಹೊರಗೆ ಹೋದ ದಿನ: ಒಬ್ಬಳೇ.

ಮತ್ತೆ ಭಾವಚಿತ್ರದ ಹಾಳೆಗೆ ಮರಳಿ ಕೂಸಿನ ಮುಖ ನೋಡಿದ.

ಮಕ್ಕಳಿಲ್ಲದ ತಮ್ಮನ ಮಡಿಲಿಗೆ ಹಾಕಿ ಹೋದಳೋ, ಜಡ್ಡಾದ ಕೂಸನ್ನು ರೈಲಿಗೆ ಹಾಕಲಾರದೆ ಬಿಟ್ಟು ಹೋದಳೋ, ಅದು ಈ ಪುಸ್ತಕದಲ್ಲಿ ಇರಲಿಲ್ಲ. ಇದ್ದದ್ದು ಇಷ್ಟು: ಕರಾಚಿಯಲ್ಲಿ ಹುಟ್ಟಿದ ಅಬೇದಾ ಚಮನಸಾಬನ ಮಗಳಾಗಿ ಬೆಳೆದಳು, ಮಮದಾಪುರದಲ್ಲಿ ಹುಟ್ಟಿದವಳೆಂದು ಶಾಲೆಯಲ್ಲಿ ಬರೆಸಿಕೊಂಡಳು, ಹದಿನಾರು ತುಂಬಿದ ದಿನ ಈರಯ್ಯನ ಮೇಜಿನ ಮುಂದೆ ನಿಂತು ಪರದೇಶದವಳೆಂದು ಹೆಸರು ಬರೆಸಬೇಕಿತ್ತು, ಬರೆಸಲಿಲ್ಲ. ಈಗ ಸರಕಾರಿ ನೌಕರಿಯಲ್ಲಿದ್ದಾಳೆ. ಬಹುಶಃ ಅವಳಿಗೇ ಗೊತ್ತಿಲ್ಲ.

ನಾಳೆ ಈ ಪುಸ್ತಕ ಸಾಹೇಬರ ಮೇಜಿಗೆ ಹೋದರೆ ತಾಯಿ ಇಲ್ಲಿಯವಳಾಗುತ್ತಾಳೆ, ಮಗಳು ಪರದೇಶದವಳಾಗುತ್ತಾಳೆ. ಹೋಗದಿದ್ದರೆ ತಾಯಿ ರೈಲು ಹತ್ತುತ್ತಾಳೆ. ಆ ಮುದುಕಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮಗಳನ್ನು ಬಿಟ್ಟು ಮೊಮ್ಮಗಳನ್ನು ಉಳಿಸಲು ನೋಡಿದ್ದಳು. ಇವನು ಅವಳಿಗೆ ಪಾಸ್‌ಪೋರ್ಟಿನ ಪಾಠ ಹೇಳಿ ಬಂದಿದ್ದ.

"ಏನೈತ್ರಿ ಕಾಕಾ ಅದರಾಗ?"

ಅಬೇದಾ ಹಿಂದಿನಿಂದ ಬಂದು ಅವನ ಭುಜದ ಪಕ್ಕ ಇಣುಕಿದಳು. ಅವನು ಮುಚ್ಚುವಷ್ಟರಲ್ಲಿ ಅವಳು ಭಾವಚಿತ್ರ ನೋಡಿಯಾಗಿತ್ತು.

"ಅಯ್ಯ, ಫುಪ್ಪಿ! ಎಷ್ಟು ಚಂದ ಇದ್ದಳಲ್ರಿ! ತೊಡಿ ಮ್ಯಾಲಿನ ಕೂಸು ಯಾರದ್ರಿ?"

"ಸತ್ತ ಕೂಸದು."

ಆ ಮಾತು ಅಂಗಳದಿಂದ ಬಂತು. ಅಕ್ಕನಾಗಮ್ಮನ ತುಳಸಿಕಟ್ಟೆಯ ಪಕ್ಕ ರಾಜಬಿ ನಿಂತಿದ್ದಳು. ಬುರ್ಖಾದ ಮೇಲೆ, ರೆಪ್ಪೆಯ ಮೇಲೆ ಲಾರಿಯ ಧೂಳು. ಚಪ್ಪಲಿ ಒಂದೇ ಕಾಲಿನಲ್ಲಿತ್ತು.

"ಫುಪ್ಪಿ! ನೀ ಹೆಂಗ ಬಂದಿ?"

ರಾಜಬಿ ಅವಳ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಲ್ಲುತ್ತದೆಂಬಂತೆ ಈರಯ್ಯನ ಎದೆಯ ಮೇಲಿನ ಬಿಲ್ಲೆಯನ್ನೇ ನೋಡುತ್ತಾ ಹತ್ತಿರ ಬಂದಳು.

"ಹವಾಲ್ದಾರ್ರ, ಪರವಾನಗಿ ಚೀಟಿ ಇಲ್ದ ಊರು ಬಿಟ್ಟು ಬಂದೇನಿ. ಪರದೇಶದಾಕಿ ನಿಮ್ಮ ಶಿಕ್ಕಾ ಇಲ್ದ ವಿಜಾಪುರ ದಾಟಬಾರದು ಅಂತ ಹುಕುಮ ಐತಲ್ರಿ? ಮುರದೇನಿ. ಬರಕೊಳ್ರಿ."

ಈರಯ್ಯನಿಗೆ ಅರ್ಥವಾಯಿತು. ಹುಕುಮು ಮುರಿದವಳ ಅರ್ಜಿ ಮುಂದೆ ಹೋಗುವುದಿಲ್ಲ. ಅಲ್ಲೇ ತಿರಸ್ಕಾರ, ಹದಿನೈದು ದಿನದಲ್ಲಿ ಗಡಿ. ಅರ್ಜಿಯೇ ಇಲ್ಲವೆಂದ ಮೇಲೆ ಹಳೆಯ ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ಅದನ್ನು ಬರೆದುಕೊಳ್ಳುವ ಹಕ್ಕಿರುವ ಒಬ್ಬನೇ ಮನುಷ್ಯನ ಮುಂದೆ ತಪ್ಪು ಮಾಡಿ ನಿಲ್ಲಲು ಅವಳು ಇಪ್ಪತ್ತೈದು ಮೈಲಿ ಲಾರಿ ಹತ್ತಿ ಬಂದಿದ್ದಳು.

"ರಾಜವ್ವಾ," ಎಂದ ಅವನು. "ಸ್ವಲ್ಪ ವಿಚಾರ ಮಾಡು."

"ಹತ್ತೊಂಬತ್ತು ವರ್ಷ ಮಾಡೇನ್ರಿ. ಬರಕೊಳ್ರಿ. ಪುಸ್ತಕ ಸಿಗಲಿಲ್ಲ ಅಂತ ಬರೀರಿ. ಊರು ಬಿಟ್ಟು ಓಡಿದ್ದಳು, ಹಿಡದೆ ಅಂತ ಬರೀರಿ. ನಿಮ್ಮ ಕೈ ಮುಗೀತೀನಿ."

ಈರಯ್ಯ ಜೇಬಿನಿಂದ ತನ್ನ ಟಿಪ್ಪಣಿ ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ತೆಗೆದ. ಅದಕ್ಕೆ ಎರಡು ಕೈ ಬೇಕಾಯಿತು. ಪಾಸ್‌ಪೋರ್ಟನ್ನು ಕಂಕುಳಿಗೆ ಸಿಕ್ಕಿಸಲು ಹೋದ.

ಅದು ಕಂಕುಳಿಗೆ ತಲುಪಲಿಲ್ಲ. ಅಬೇದಾ ತೆಗೆದುಕೊಂಡಿದ್ದಳು.

"ಸತ್ತ ಕೂಸಿಗೆ ಹೆಸರು ಇಟ್ಟಿದ್ದೇನ್ ಫುಪ್ಪಿ?"

"ಕೊಡ ಇಲ್ಲಿ," ಎಂದಳು ರಾಜಬಿ. ಕೈ ಚಾಚಿ ಮುಂದೆ ಬಂದಳು. "ಅಬೇದಾ, ನನ್ನವ್ವ, ಕೊಡ ಇಲ್ಲಿ!"

ಅಬೇದಾ ಎರಡು ಹೆಜ್ಜೆ ಬೆಳಕಿಗೆ ಸರಿದು ಹಾಳೆಯನ್ನು ಕಣ್ಣ ಹತ್ತಿರ ಹಿಡಿದಳು. ಇಂಗ್ಲಿಷ್ ಅವಳಿಗೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಮಕ್ಕಳಿಗೆ ಹೇಳಿಕೊಡುವಾಗಿನಂತೆ ಮಾಸಿದ ಮಸಿಯ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸತೊಡಗಿದಳು.

"ಎ... ಬಿ... ಇ..."